ಕೂಸಿನೊಡನೆ ಕಡಲಿಗೆ, ಕಾಡಿಗೆ

ಉಡುಪಿಯ ಪಡುವಣಕ್ಕೆ ಮಲ್ಪೆಯ ಕಡಲು. ಮೂಡಣಕ್ಕೆ ಆಗುಂಬೆಯ ಕಾಡು. ಇವೆರಡರ ನಡುವಣ ದಾರಿ ಸುಮಾರು 60 ಕಿಲೋಮೀಟರು ಮಾತ್ರ. ಬೆಳಗಿನಲ್ಲಿ ಮರಳಿನ ಮೇಲೆ ಹೆಜ್ಜೆಯೂರಿದವನು ಮಧ್ಯಾಹ್ನದ ಊಟಕ್ಕೆ ನಿತ್ಯಹರಿದ್ವರ್ಣದ ಮರಗಳ ನೆರಳಿನಲ್ಲಿ ಕುಳಿತಿರಬಹುದು. ಒಂದು ಕಡೆಗೆ ಶಿವರಾಮ ಕಾರಂತರು ಹುಟ್ಟಿದ ಕೋಟದ ಕರಾವಳಿ. ಇನ್ನೊಂದು ಕಡೆಗೆ ಕುವೆಂಪು ಬೆಳೆದ ಕುಪ್ಪಳಿಯ ಮಲೆನಾಡು. ಕನ್ನಡ ಸಾಹಿತ್ಯದ ಎರಡು ದೊಡ್ಡ ಲೋಕಗಳು ಅರ್ಧ ದಿನದ ಪಯಣದಲ್ಲಿ ಕೈಗೆ ಸಿಕ್ಕುವ ನೆಲವಿದು.

ನೋಡಲು ಎರಡಾದರೂ ಈ ಕಡಲು, ಈ ಕಾಡು ಒಂದೇ ಕತೆಯ ಎರಡು ಅಧ್ಯಾಯಗಳು. ಅರಬ್ಬೀ ಸಮುದ್ರದ ಮೇಲಿಂದ ನೀರು ಹೀರಿ ಬರುವ ಮುಂಗಾರಿನ ಗಾಳಿಗೆ ಪಶ್ಚಿಮಘಟ್ಟ ಗೋಡೆಯಂತೆ ಅಡ್ಡ ನಿಲ್ಲುತ್ತದೆ. ಮೇಲೇರಿದ ಗಾಳಿ ತಣ್ಣಗಾಗಿ ಹೊತ್ತ ಭಾರವನ್ನು ಅಲ್ಲಿಯೇ ಇಳಿಸುತ್ತದೆ. ಸಮುದ್ರಮಟ್ಟದಿಂದ ಸುಮಾರು 640 ಮೀಟರು ಎತ್ತರದಲ್ಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಬೆಂಗಳೂರಿಗೆ ವರ್ಷವಿಡೀ ಸುರಿಯುವುದು 1,000 ಮಿಲಿಮೀಟರಿನ ಆಸುಪಾಸು. ಆಗುಂಬೆಯಲ್ಲಿ ಜುಲೈ ಒಂದೇ ತಿಂಗಳು ಅದರ ಇಮ್ಮಡಿಯನ್ನು ಮೀರಿಸುವುದುಂಟು. ಕಡಲು ಆವಿಯಾಗಿ ಘಟ್ಟವನ್ನೇರಿ, ಕಾಡಾಗಿ ನಿಂತು, ಹೊಳೆಯಾಗಿ ಮತ್ತೆ ಕಡಲಿಗಿಳಿಯುತ್ತದೆ.

ಇಂಥ ನಾಡಿಗೆ ಎರಡು ವರ್ಷ ತುಂಬದ ಕೂಸನ್ನು ಎತ್ತಿಕೊಂಡು ಹೊರಡಲು ಬೆಂಗಳೂರಿನ ಒಂದು ಸಂಸಾರ ಮನಸ್ಸು ಮಾಡಿತೆನ್ನಿ. ತಂದೆ ನೋಡತಕ್ಕ ಸ್ಥಳಗಳ ಪಟ್ಟಿ ಮಾಡುತ್ತಾನೆ. ತಾಯಿ ಬಟ್ಟೆಗಳ ಪಟ್ಟಿ ಮಾಡುತ್ತಾಳೆ. ಬಾಗಿಲ ಬಳಿ ಕುಳಿತ ಅಜ್ಜಿ ಒಂದೇ ಮಾತು ಕೇಳುತ್ತಾರೆ: "ಅಲ್ಲವೋ, ಆ ಕೂಸಿಗೆ ಇದೆಲ್ಲ ನೆನಪಿರುತ್ತದೇನೋ?"

ಈ ಪ್ರಶ್ನೆಗೆ ಪ್ರಾಮಾಣಿಕವಾದ ಉತ್ತರ, 'ಇರುವುದಿಲ್ಲ' ಎಂಬುದೇ. ಮೂರು ವರ್ಷಕ್ಕೆ ಮೊದಲಿನ ಸಂಗತಿಗಳು ದೊಡ್ಡವರಾದ ಮೇಲೆ ಯಾರಿಗೂ ನೆನಪಿರುವುದು ಬಲು ಅಪರೂಪ. ಆದರೆ ಈ ಉತ್ತರದಿಂದ ಪ್ರಯಾಣ ನಿಲ್ಲಬೇಕಾಗಿಲ್ಲ. ಪ್ರಯಾಣದ ಪಟ್ಟಿ ಮಾತ್ರ ಬದಲಾಗಬೇಕು. 'ಮಗುವಿಗೆ ತೋರಿಸಬೇಕು' ಎಂಬ ನೆಪದಲ್ಲಿ ದಿನಕ್ಕೆ ನಾಲ್ಕು ಸ್ಥಳಗಳನ್ನು ಸುತ್ತುವುದಕ್ಕೆ ಇನ್ನು ಅರ್ಥವಿಲ್ಲ. ಮಗುವಿಗೆ ಬೇಕಾದುದು ಸ್ಥಳಗಳಲ್ಲ. ಹಸಿ ಮರಳು, ಓಡುವ ಏಡಿ, ಅಂಗಳದ ಕರು, ಮತ್ತು ಅವಸರವಿಲ್ಲದ ತಂದೆತಾಯಿಗಳು. ನೆನಪಿಟ್ಟುಕೊಳ್ಳುವವರು ದೊಡ್ಡವರು. ಅವರಿಗೆ ಒಳ್ಳೆಯ ನೆನಪು ಉಳಿಯಬೇಕಾದರೆ ಕೂಸು ಆರೋಗ್ಯವಾಗಿ ಮನೆಗೆ ಮರಳಬೇಕು. ಯೋಜನೆಯೆಲ್ಲ ಇಷ್ಟಕ್ಕೇ.

ಯಾವಾಗ ಹೊರಡಬೇಕು?

ಮೊದಲು ನಿಶ್ಚಯವಾಗಬೇಕಾದುದು ಕಾಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಕಡಲು ಮುನಿದಿರುತ್ತದೆ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೇ ನಿಷೇಧವುಂಟು. ಕಡಲನ್ನೇ ನಂಬಿದವರು ದಡದಲ್ಲಿ ಕುಳಿತಿರುವಾಗ ಕೂಸನ್ನು ನೀರಿಗಿಳಿಸುವುದು ವಿವೇಕವಲ್ಲ. ಆಗ ಕಾಡಿನಲ್ಲಿ ಇಂಬಳಗಳ ಕಾಟ. ಸುರಿಯುವ ಮಳೆಯಲ್ಲಿ ಘಟ್ಟದ ಮಣ್ಣು ಕುಸಿಯುವ ಭಯ. ಮಾರ್ಚಿನಿಂದ ಮೇ ವರೆಗೆ ಕರಾವಳಿಯ ಬೇಗೆ, ಬೆವರು ದೊಡ್ಡವರನ್ನೇ ಹಣ್ಣು ಮಾಡುತ್ತವೆ.

ಮಲೆನಾಡಿನಲ್ಲಿ ಇನ್ನೊಂದು ಲೆಕ್ಕವೂ ಇದೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಗೆ ಬಂದ ಮಂಗನ ಕಾಯಿಲೆ ಇಂದಿಗೂ ಈ ಸೀಮೆಯನ್ನು ಬಿಟ್ಟಿಲ್ಲ. ಕಾಡಿನ ಉಣುಗುಗಳ ಕಡಿತದಿಂದ ಬರುವ ಈ ಜ್ವರ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ವರೆಗಿನ ಒಣ ತಿಂಗಳುಗಳಲ್ಲಿ. ಇವೆಲ್ಲವನ್ನೂ ಕಳೆದರೆ ಉಳಿಯುವುದು ನವೆಂಬರಿನ ನಡುವಿನಿಂದ ಡಿಸೆಂಬರಿನ ಆರಂಭದವರೆಗಿನ ಕೆಲವು ವಾರಗಳು. ಮಳೆ ನಿಂತಿದ್ದರೂ ಹಸುರು ಆರಿರುವುದಿಲ್ಲ, ಕಡಲು ಶಾಂತವಾಗಿರುತ್ತದೆ, ಇಂಬಳಗಳೂ ವಿರಳ. ಕೂಸಿನ ಸಂಸಾರಕ್ಕೆ ಪ್ರಶಸ್ತವಾದ ಕಾಲ ಇದೇ. ಸಮ ಸಂಖ್ಯೆಯ ವರ್ಷಗಳ ಜನವರಿಯಲ್ಲಿ ಉಡುಪಿಯ ಪರ್ಯಾಯೋತ್ಸವ ನಡೆಯುತ್ತದೆ. ಅದು ನೋಡತಕ್ಕ ಉತ್ಸವವೇ. ಆದರೆ ಆ ಜನಸಾಗರ ಎಳೆಯ ಮಕ್ಕಳಿಗಲ್ಲ.

ದಾರಿಯ ವಿಚಾರ

ಬೆಂಗಳೂರಿನಿಂದ ಉಡುಪಿಗೆ ಸುಮಾರು 400 ಕಿಲೋಮೀಟರು. ಕಾರಿನಲ್ಲಿ ಹಗಲು ಪೂರ್ತಿ ಕೂಸನ್ನು ಕಟ್ಟಿಹಾಕಿದಂತೆ ಕುಳ್ಳಿರಿಸುವುದಕ್ಕಿಂತ ರಾತ್ರಿಯ ರೈಲು ಮೇಲು. 2020ರಿಂದ ಓಡುತ್ತಿರುವ ಪಂಚಗಂಗಾ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಬೆಳಗಿನ ಜಾವಕ್ಕೆ ಉಡುಪಿಯನ್ನು ಮುಟ್ಟುತ್ತದೆ. ಕೂಸು ತನ್ನ ಪಾಲಿನ ಪ್ರಯಾಣವನ್ನು ನಿದ್ದೆಯಲ್ಲಿಯೇ ಮುಗಿಸುತ್ತದೆ. ಪ್ರತ್ಯೇಕ ಹಾಸುಗೆಯನ್ನು ಕೇಳದಿದ್ದರೆ ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ಟಿಲ್ಲ. ಕೆಳಗಿನ ಹಾಸುಗೆಯನ್ನೇ ಹಿಡಿದು, ಕೂಸನ್ನು ಒಳಮಗ್ಗುಲಿಗೆ ಮಲಗಿಸಿದರೆ ಸರಿ.

ಕಡಲಿಗೆ ಮೂರು ಹಗಲು, ಕಾಡಿಗೆ ಎರಡು ಹಗಲು. ಈ ಪ್ರಮಾಣವೂ ಈ ಕ್ರಮವೂ ಸಕಾರಣವಾದುವು. ಹೊಸ ನೀರು, ಹೊಸ ಅನ್ನ, ಹೊಸ ಹವೆಗೆ ಕೂಸಿನ ಮೈ ಹೊಂದಿಕೊಳ್ಳುವುದೋ ಇಲ್ಲವೋ ಎಂಬುದು ಮೊದಲ ಎರಡು ದಿನಗಳಲ್ಲಿ ತಿಳಿದುಬಿಡುತ್ತದೆ. ಆ ದಿನಗಳಲ್ಲಿ ಉಡುಪಿಯಲ್ಲಿದ್ದರೆ ಮಣಿಪಾಲದ ದೊಡ್ಡ ಆಸ್ಪತ್ರೆ ಕೆಲವೇ ಕಿಲೋಮೀಟರುಗಳ ದೂರ. ಮೊದಲೇ ಘಟ್ಟ ಹತ್ತಿದರೆ ಆ ಆಸರೆ ಇರದು. ಕಾಡನ್ನು ಕಂಡ ಮೇಲೆ ಮತ್ತೆ ಘಟ್ಟವಿಳಿಯಬೇಕಾಗಿಯೂ ಇಲ್ಲ. ತೀರ್ಥಹಳ್ಳಿಯ ಮೇಲಿಂದ ಸುಮಾರು 90 ಕಿಲೋಮೀಟರು ಸಾಗಿದರೆ ಶಿವಮೊಗ್ಗ. ಅಲ್ಲಿಂದ ಬೆಂಗಳೂರಿಗೆ ರೈಲು.

ಕಡಲ ತಡಿಯಲ್ಲಿ

ಮರವಂತೆಯ ಚೆಲುವನ್ನು ಬಣ್ಣಿಸದವರಿಲ್ಲ. ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಸೌಪರ್ಣಿಕೆ, ನಡುವೆ ಹೆದ್ದಾರಿ. ಆದರೆ ಯಾವುದು ನೋಟಕ್ಕೆ ಸೊಗಸೋ ಅದೇ ಇಲ್ಲಿ ಅಪಾಯ. ಕೈ ಬಿಡಿಸಿಕೊಂಡು ಓಡುವ ಕೂಸಿಗೆ ಹೆದ್ದಾರಿ ನಾಲ್ಕೇ ಹೆಜ್ಜೆ. ಅದನ್ನು ವಾಹನದಿಂದ ನೋಡಿ ಮುಂದೆ ಸಾಗಬಹುದು. ಕೂಸು ಮರಳಿನಲ್ಲಿ ಆಡಬೇಕಾದರೆ ಮಲ್ಪೆಯ ಹರವಾದ ತೀರವೋ ಪಡುಬಿದ್ರಿಯ ತೀರವೋ ಒಳ್ಳೆಯದು. ಪಡುಬಿದ್ರಿಗೆ 2020ರಲ್ಲಿ ನೀಲಿ ಬಾವುಟದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ನೀರಿನ ಶುದ್ಧಿ, ಶೌಚಾಲಯ, ಜೀವರಕ್ಷಕರು, ಇವು ಆ ಮನ್ನಣೆಯ ಷರತ್ತುಗಳಲ್ಲಿ ಸೇರಿವೆ. ಎರಡು ಗಂಟೆಗೊಮ್ಮೆ ಬಟ್ಟೆ ಬದಲಿಸುವ ತಾಯಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಕಡಲಿಗೆ ಹೋಗುವ ಹೊತ್ತು ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೆ ಸಂಜೆ ನಾಲ್ಕರ ಮೇಲೆ. ನಡುಹಗಲಿನ ಮರಳು ಎಳೆಯ ಪಾದವನ್ನು ಸುಡುತ್ತದೆ. ಉಬ್ಬರ ಇಳಿತಗಳ ಹೊತ್ತನ್ನು ಊರಿನ ಮೀನುಗಾರರಲ್ಲಿ ವಿಚಾರಿಸುವುದು ಒಳ್ಳೆಯದು. ಅದು ದಿನದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಉಬ್ಬರ ಹೆಚ್ಚು. ಅಲೆ ಬಂದು ಹಿಂದಿರುಗಿದ ಹಸಿ ಮರಳಿನ ಪಟ್ಟಿಯೇ ಕೂಸಿನ ಕಡಲು, ಅದರಾಚೆಯದು ದೊಡ್ಡವರದು. ಆದರೂ ಒಂದು ಮಾತನ್ನು ಮರೆಯಬಾರದು: ಇಷ್ಟು ಚಿಕ್ಕ ಮಕ್ಕಳು ಮುಳುಗಲು ಗೇಣುದ್ದದ ನೀರು ಸಾಕು, ಮುಳುಗುವಾಗ ಅವರು ಕೂಗುವುದೂ ಇಲ್ಲ. ಆದುದರಿಂದ ಕೂಸು ನೀರಿನ ಬಳಿ ಇರುವಷ್ಟು ಹೊತ್ತೂ ದೊಡ್ಡವರಲ್ಲಿ ಒಬ್ಬರು ಅದರ ತೋಳಿಗೆ ಎಟಕುವ ಅಂತರದಲ್ಲಿರಬೇಕು. ಅವರಿಗೆ ಬೇರೆ ಕೆಲಸವಿರಬಾರದು. ಕೈಯಲ್ಲಿ ಫೋನು ಹಿಡಿದು ಚಿತ್ರ ತೆಗೆಯುವವನನ್ನು ಕಾವಲುಗಾರರ ಲೆಕ್ಕಕ್ಕೆ ಸೇರಿಸಬಾರದು. ತೆಂಗಿನ ಮರದ ಬುಡದಲ್ಲಿ ಹಾಸಿದ ಚಾಪೆ ಎಷ್ಟೇ ತಂಪಾಗಿರಲಿ, ಮೇಲೆ ಕಾಯಿಗಳಿದ್ದರೆ ಚಾಪೆಯನ್ನು ಸರಿಸತಕ್ಕದ್ದು.

ಮಲ್ಪೆಯಿಂದ ದೋಣಿಯಲ್ಲಿ ಸಾಗಿದರೆ ಸೇಂಟ್ ಮೇರೀಸ್ ದ್ವೀಪ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸ ಇಲ್ಲಿ ಆರು ಮುಖದ ಕಂಬಗಳಂತೆ ಹೆಪ್ಪುಗಟ್ಟಿ ನಿಂತಿದೆ. ಲೋಕದ ವಿಸ್ಮಯಗಳಲ್ಲಿ ಒಂದೆಂಬುದರಲ್ಲಿ ಸಂದೇಹವಿಲ್ಲ. ಆದರೆ ಕೂಸಿನ ಅಳತೆಯ ಜೀವರಕ್ಷಕ ಅಂಗಿ ದೋಣಿಯಲ್ಲಿ ಇದೆಯೇ ಎಂದು ಮೊದಲು ಕೇಳಬೇಕು. ಇಲ್ಲವೆಂದರೆ ಹತ್ತದಿರುವುದೇ ಸರಿ. ಹೋದರೂ ಬೆಳಗಿನ ಮೊದಲ ದೋಣಿಗೆ ಹೋಗಿ ಬಿಸಿಲೇರುವ ಮುನ್ನ ಮರಳಬೇಕು. ಬಂಡೆಗಳು ಜಾರುತ್ತವೆ; ಅವುಗಳ ಅಂಚಿನಲ್ಲಿ ನೀರು ಆಳ. ಅಲ್ಲಿ ಕೂಸು ಇಳಿದು ನಡೆಯುವುದು ಬೇಡ, ಎತ್ತಿಕೊಂಡಿರಬೇಕು.

ಊಟದ ಚಿಂತೆ ಈ ಸೀಮೆಯಲ್ಲಿ ಕಡಮೆ. ಕುಚ್ಚಲಕ್ಕಿಯ ಗಂಜಿ, ಬಿಸಿ ಇಡ್ಲಿ, ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಬಾಳೆಹಣ್ಣು ಎಲ್ಲಿಯೂ ಸಿಕ್ಕುತ್ತವೆ. ಕೂಸಿನ ಹೊಟ್ಟೆಗೆ ಇದಕ್ಕಿಂತ ಸೌಮ್ಯವಾದ ಆಹಾರ ಬೇರೊಂದಿಲ್ಲ. ಕುಡಿಯುವ ನೀರು ಮಾತ್ರ ಕುದಿಸಿ ಆರಿಸಿದ್ದಾಗಿರಲಿ.

ಘಟ್ಟದ ಮೇಲೆ

ನಾಲ್ಕನೆಯ ದಿನ ಬೆಳಗಿನ ತಂಪಿನಲ್ಲಿ ಹೆಬ್ರಿಯ ದಾರಿ ಹಿಡಿಯಬೇಕು. ಸೋಮೇಶ್ವರವನ್ನು ದಾಟಿದ ಮೇಲೆ 14 ತಿರುವುಗಳ ಘಟ್ಟ. ಎರಡು ವರ್ಷದೊಳಗಿನ ಕೂಸುಗಳಿಗೆ ಪ್ರಯಾಣದ ವಾಂತಿ ಅಪರೂಪ. ಎರಡು ದಾಟಿದವರಿಗೆ ಅದು ಶುರುವಾಗುತ್ತದೆ. ಅಂಥವರಿಗೆ ಹೊರಡುವ ಒಂದು ಗಂಟೆ ಮೊದಲೇ ಸ್ವಲ್ಪ ತಿನ್ನಿಸಿ, ಕಿಟಕಿಯ ಗಾಳಿ ಸೋಕುವಂತೆ ಮಾಡಿ, ಕಾರನ್ನು ಮೆಲ್ಲಗೆ ನಡೆಸಬೇಕು. ತಿರುವುಗಳಲ್ಲಿ ಕಾದು ಕುಳಿತ ಕಪಿಗಳಿಗೆ ತಿನಿಸು ಕೊಡಬಾರದು; ಕೂಸಿನ ಕೈಯಲ್ಲಿ ಬಿಸ್ಕತ್ತು ಕಾಣುವಂತೆ ಇರಲೂಬಾರದು.

ಆಗುಂಬೆಯ ಸೂರ್ಯಾಸ್ತ ನಾಡಿನಲ್ಲೆಲ್ಲ ಪ್ರಸಿದ್ಧ. ಆಕಾಶ ತಿಳಿಯಾಗಿದ್ದರೆ ದೂರದಲ್ಲಿ ಅರಬ್ಬೀ ಸಮುದ್ರದ ಅಂಚು ಹೊಳೆಯುತ್ತದೆ. ಉಡುಪಿಯಲ್ಲಿ ತಂಗಿದವರು ಇದನ್ನು ನೋಡಿಕೊಂಡು ಕತ್ತಲಲ್ಲಿ, ಹಸಿದು ಅಳುವ ಕೂಸಿನೊಡನೆ ಘಟ್ಟವಿಳಿಯುವುದು ಸಾಮಾನ್ಯ. ಅದರ ಬದಲು ಆಗುಂಬೆಯಲ್ಲಿಯೇ ಒಂದು ರಾತ್ರಿ ತಂಗಿದರೆ ಅಸ್ತಮಾನವೂ ದೊರೆಯುತ್ತದೆ, ನಿದ್ದೆಯೂ ಉಳಿಯುತ್ತದೆ. ಶಂಕರನಾಗ್ 'ಮಾಲ್ಗುಡಿ ಡೇಸ್' ಧಾರಾವಾಹಿಯನ್ನು ಚಿತ್ರಿಸಿದ ಊರಿದು. ಹೆಂಚಿನ ಮನೆ, ಅಡಕೆಯ ತೋಟ, ಬಿಸಿ ಕಷಾಯಗಳ ಊರಿನ ಬೀದಿಯಲ್ಲಿ ಕೂಸು ತನ್ನಷ್ಟಕ್ಕೆ ತಾನು ಸ್ಥಳಪುರಾಣವನ್ನು ಕಂಡುಕೊಳ್ಳುತ್ತದೆ.

ಒನಕೆ ಅಬ್ಬಿ, ಬರ್ಕಣ ಮೊದಲಾದ ಜಲಪಾತಗಳನ್ನು ಪಟ್ಟಿಯಿಂದ ಹೊಡೆದುಹಾಕುವುದು ತಂದೆಗೆ ಕಷ್ಟವಾಗಬಹುದು. ಆದರೆ ಬೇರು ಬಂಡೆಗಳ ಆ ದಾರಿಗಳು ಹೆಗಲ ಮೇಲೆ ಕೂಸನ್ನು ಹೊತ್ತವನಿಗಲ್ಲ. ಮಳೆಕಾಡನ್ನು ಕಾಣಲು ಕಾಡಿನೊಳಗೆ ನುಗ್ಗಲೇಬೇಕೆಂದಿಲ್ಲ. ಊರಿನ ಅಂಚಿನ ರಸ್ತೆಯಲ್ಲಿ ಬೆಳಿಗ್ಗೆ ಅರ್ಧ ಗಂಟೆ ಸುಮ್ಮನೆ ನಿಂತರೆ ಸಾಕು. ಮರದಿಂದ ಮರಕ್ಕೆ ಹಾರುವ ಕೆಂಜಳಿಲು, ರೆಕ್ಕೆಯ ಸದ್ದಿನಿಂದಲೇ ತಿಳಿಯುವ ಮಂಗಟ್ಟೆ ಹಕ್ಕಿ, ಕಾಲ ಬಳಿ ಸುರುಳಿ ಸುತ್ತಿದ ಚೋರಟೆ ಕಾಣಸಿಕ್ಕಬಹುದು. ಕೂಸು ಎಲ್ಲಕ್ಕಿಂತ ಹೆಚ್ಚು ಹೊತ್ತು ನೋಡುವುದು ಚೋರಟೆಯನ್ನೇ. ನೋಡಲಿ, ಮುಟ್ಟುವುದು ಬೇಡ. ಇದು ಕಾಳಿಂಗಸರ್ಪಗಳ ನೆಲೆ. 2005ರಲ್ಲಿ ರೋಮುಲಸ್ ವಿಟೇಕರ್ ಇಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಿದ್ದೂ ಆ ಹಾವಿನ ಅಧ್ಯಯನಕ್ಕಾಗಿ. ತರಗೆಲೆಯ ರಾಶಿಯಲ್ಲಿ, ಪೊದೆಯ ಸಂದಿನಲ್ಲಿ ಕೂಸನ್ನು ಬಿಡಬಾರದು.

ಮೈತುಂಬ ತೆಳುವಾದ ಹತ್ತಿಯ ಬಟ್ಟೆ, ಷರಾಯಿಯ ಅಂಚನ್ನು ಒಳಸೇರಿಸಿದ ಕಾಲುಚೀಲ, ಇವು ಸೊಳ್ಳೆ, ಇಂಬಳ, ಉಣುಗು ಮೂರಕ್ಕೂ ಮೊದಲ ತಡೆ. ಸಂಜೆ ಬಿಸಿನೀರಿನ ಸ್ನಾನ ಮಾಡಿಸಿ ಕಿವಿಯ ಹಿಂದೆ, ಕಂಕುಳು, ತೊಡೆಯ ಸಂದುಗಳನ್ನು ನೋಡಬೇಕು. ಮಂಗಗಳು ಸತ್ತ ಸುದ್ದಿಯಿರುವ ಕಾಡಿನತ್ತ ಹೋಗಲೇಬಾರದು. ಊರಿಗೆ ಮರಳಿದ ವಾರದೊಳಗೆ ಯಾರಿಗಾದರೂ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.

ಗಂಟಿನಲ್ಲಿ ಏನಿರಬೇಕು?

ಕೂಸಿನ ತೂಕಕ್ಕೆ ತಕ್ಕಂತೆ ವೈದ್ಯರು ಬರೆದುಕೊಟ್ಟ ಜ್ವರದ ಔಷಧಿ, ಓ.ಆರ್.ಎಸ್. ಪೊಟ್ಟಣಗಳು, ಸೊಳ್ಳೆಪರದೆ, ಅಗಲ ಅಂಚಿನ ಟೋಪಿ, ರಾಗಿಹಿಟ್ಟು, ಮನೆಯಲ್ಲಿ ಹೊದೆಯುವ ಹಳೆಯ ಹೊದಿಕೆ. ಕೊನೆಯದನ್ನು ಹಗುರವಾಗಿ ಕಾಣಬಾರದು. ಅಪರಿಚಿತ ಕೋಣೆಯಲ್ಲಿ ಕೂಸಿಗೆ ಪರಿಚಿತವಾದ ವಾಸನೆ ಅದೊಂದೇ. ಭೇದಿಯಾದರೆ ಓ.ಆರ್.ಎಸ್. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಚಮಚದಲ್ಲಿ ಕುಡಿಸಬೇಕು. ಆರೇಳು ಗಂಟೆ ಮೂತ್ರವಾಗದಿದ್ದರೆ, ಅಳುವಾಗ ಕಣ್ಣೀರು ಬಾರದಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಇವೆಲ್ಲಕ್ಕಿಂತ ಮುಖ್ಯವಾದುದು ಗಂಟಿನಲ್ಲಿ ಹಿಡಿಯುವಂಥದಲ್ಲ. ಅದು ಹಿಂದಿರುಗುವ ಧೈರ್ಯ. ಹಣ ಕಟ್ಟಿಯಾಗಿದೆ, ರಜೆ ಮತ್ತೆ ಸಿಕ್ಕದು, ಬಂಧುಗಳಿಗೆ ಹೇಳಿಯಾಗಿದೆ ಎಂಬ ಕಾರಣಗಳಿಂದ ಮೈ ಬೆಚ್ಚಗಾದ ಕೂಸನ್ನು ಹೊತ್ತು ಘಟ್ಟ ಹತ್ತಿದವರುಂಟು. ಮೂರನೆಯ ರಾತ್ರಿ ಕೂಸಿಗೆ ಜ್ವರ ಕಾಣಿಸಿದರೆ ಆಗುಂಬೆ ಅಲ್ಲಿಗೆ ರದ್ದೆಂಬುದನ್ನು ಗಂಡಹೆಂಡಿರು ಬೆಂಗಳೂರು ಬಿಡುವ ಮುನ್ನವೇ ಒಪ್ಪಿಕೊಂಡಿರಬೇಕು. ಅಲ್ಲಿ ಹೋಗಿ ವಾದಿಸಬಾರದು. ಸಾಧ್ಯವಾದರೆ ಅಜ್ಜಿಯನ್ನೂ ಜೊತೆಗೆ ಕರೆದೊಯ್ಯುವುದು ಲೇಸು. ಕಾವಲಿಗೆ ಎರಡು ಕಣ್ಣು ಹೆಚ್ಚಾಗುತ್ತವೆ. ಮುಂದೊಂದು ದಿನ ಕೂಸು ಬೆಳೆದು, ಕಡಲನ್ನು ಮೊದಲು ಕಂಡಾಗ ತಾನೇನು ಮಾಡಿದೆನೆಂದು ಕೇಳಿದರೆ, ಹೇಳಲು ಒಬ್ಬರು ಹೆಚ್ಚಿರುತ್ತಾರೆ.