ಮೇಷ್ಟ್ರ ಗಿಟಾರು

ಆ ಗಿಟಾರು ಹಾಡುವುದಕ್ಕಿಂತ ಮೊದಲು ನನಗೆ ಕೇಳಿಸಿದ್ದು ಅದರ ಗುಂಯ್ ಎನ್ನುವ ಸದ್ದು. 1986ರ ಗಣೇಶನ ಹಬ್ಬ. ತಿಪಟೂರಿನ ನಮ್ಮ ಬೀದಿಯ ಪೆಂಡಾಲಿನಲ್ಲಿ ರಾತ್ರಿ ರಸಮಂಜರಿ ಕಾರ್ಯಕ್ರಮ. ನನಗೆ ಹತ್ತು ವರ್ಷ. ಮುಂದಿನ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತಿದ್ದೆ. ಒಬ್ಬರು ವೇದಿಕೆಯ ಮೇಲಿನ ಪೆಟ್ಟಿಗೆಯಂಥ ಸ್ಪೀಕರಿಗೆ ವೈರು ಸಿಕ್ಕಿಸಿದರು. ಗುಂಯ್ ಎಂದಿತು. ಆಮೇಲೆ ಅವರು ತಂತಿಯ ಮೇಲೆ ಬೆರಳಿಟ್ಟಾಗ ಸದ್ದು ತಟ್ಟನೆ ಕಡಿಮೆಯಾಯಿತು. ಇನ್ನೂ ಒಂದು ಸ್ವರ ನುಡಿಸಿರಲಿಲ್ಲ, ಆಗಲೇ ಆ ವಸ್ತುವಿಗೆ ಜೀವ ಇದೆ ಎಂದು ನಾನು ನಂಬಿಬಿಟ್ಟಿದ್ದೆ.

ಅವರನ್ನು ಊರೆಲ್ಲ ಗಿಟಾರ್ ಮೇಷ್ಟ್ರು ಎಂದೇ ಕರೆಯುತ್ತಿತ್ತು. ಹಗಲು ಹೊತ್ತು ಮಾರ್ಕೆಟ್ಟಿನ ಹಿಂದೆ ರೇಡಿಯೋ ರಿಪೇರಿ ಅಂಗಡಿ. ಹಬ್ಬ, ಜಾತ್ರೆ, ಮದುವೆಗಳ ದಿನ ಆರ್ಕೆಸ್ಟ್ರಾ. ಶಂಕರ್‌ನಾಗ್ ಅವರ 'ಗೀತಾ' ಬಂದಿದ್ದು 1981ರಲ್ಲಿ. ಇಳಯರಾಜಾ ಅದಕ್ಕೆ ಮಾಡಿದ ಹಾಡುಗಳು ಐದಾರು ವರ್ಷವಾದರೂ ವೇದಿಕೆಯಿಂದ ಇಳಿದಿರಲಿಲ್ಲ. ಆ ಹಾಡುಗಳಿಗೆ ಗಿಟಾರಿಲ್ಲದೆ ಆಗುತ್ತಿರಲಿಲ್ಲ. ಹಾಗಾಗಿ ಮೇಷ್ಟ್ರಿಲ್ಲದೆ ನಮ್ಮ ಸುತ್ತಿನ ಯಾವ ಆರ್ಕೆಸ್ಟ್ರಾವೂ ನಡೆಯುತ್ತಿರಲಿಲ್ಲ.

ನಮ್ಮಪ್ಪ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಶಾಲೆ ಬಿಟ್ಟ ಮೇಲೆ ಅಪ್ಪನಿಗೆ ಟಿಫನ್ ಕೊಡುವ ನೆಪದಲ್ಲಿ ಮಾರ್ಕೆಟ್ಟಿಗೆ ಹೋಗಿ, ಅಲ್ಲಿಂದ ಮೇಷ್ಟ್ರ ಅಂಗಡಿಗೆ ಓಡುತ್ತಿದ್ದೆ. ಅಲ್ಲಿ ಸೀಸ ಕರಗಿದ ವಾಸನೆ, ಹೊಟ್ಟೆ ಬಿಚ್ಚಿಕೊಂಡ ರೇಡಿಯೋಗಳು. ಗೋಡೆಗೆ ಒರಗಿಸಿದ ಕಪ್ಪು ಪೆಟ್ಟಿಗೆಯಲ್ಲಿ ಆ ಗಿಟಾರು. ಅಂಚಿನಲ್ಲಿ ಕಪ್ಪು, ನಡುವಿಗೆ ಬರುತ್ತ ಜೇನುತುಪ್ಪದ ಬಣ್ಣ. ಒಂದು ಹಳೇ ಮರದ ಗಿಟಾರಿನಲ್ಲಿ ಮೇಷ್ಟ್ರು ನನಗೆ ಮೂರು ಕಾರ್ಡ್ ಹೇಳಿಕೊಟ್ಟರು. ಪೆಟ್ಟಿಗೆಯೊಳಗಿನದನ್ನು ಮಾತ್ರ ಮುಟ್ಟಿಸುತ್ತಿರಲಿಲ್ಲ.

"ಕೈ ತೊಳ್ಕೊಂಡ್ ಬಾ ಹೋಗು" ಅನ್ನುವರು. ತೊಳೆದು ಬಂದರೆ, "ಸರಿಯಾಗಿ ತೊಳ್ಕೊಂಡ್ ಬಾ" ಅನ್ನುವರು. ಎರಡನೇ ಸಲ ಬರುವಷ್ಟರಲ್ಲಿ ಪೆಟ್ಟಿಗೆ ಮುಚ್ಚಿರುತ್ತಿತ್ತು.

ವರ್ಷಕ್ಕೊಂದು ದಿನ, ಆಯುಧಪೂಜೆಗೆ, ಅದು ಪೂರ್ತಿ ಹೊರಗೆ ಬರುತ್ತಿತ್ತು. ಮಲ್ಟಿಮೀಟರು, ಸ್ಕ್ರೂಡ್ರೈವರು, ಸೋಲ್ಡರಿಂಗ್ ಐರನ್ನು ಎಲ್ಲದರ ಜೊತೆ ಗಿಟಾರಿಗೂ ವಿಭೂತಿ, ಕುಂಕುಮ, ಸೇವಂತಿಗೆ. ಅವತ್ತು ಮಂಗಳಾರತಿ ತೆಗೆದುಕೊಂಡ ಕೈಯಲ್ಲಿ ಅದನ್ನು ಮುಟ್ಟಬಹುದಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ವರ್ಷ ಧೈರ್ಯ ಮಾಡಿ, "ಮೇಷ್ಟ್ರೇ, ಯಾವತ್ತಾದ್ರೂ ಇದನ್ನ ಮಾರೋದಾದ್ರೆ ನಂಗೇ ಹೇಳ್ಬೇಕು" ಅಂದೆ. ಅವರು ನಕ್ಕು, "ಇದನ್ನ ಮಾರೋ ದಿನ ನಾನಿರಲ್ಲ ಕಣೋ" ಅಂದರು.

ಪಿಯುಸಿಯಲ್ಲಿ ಭೌತಶಾಸ್ತ್ರದ ಮೇಷ್ಟ್ರು ಫ್ಯಾರಡೆಯ ನಿಯಮ ಪಾಠ ಮಾಡಿದಾಗ ಆ ಗುಂಯ್ ಸದ್ದಿನ ಗುಟ್ಟು ತಿಳಿಯಿತು. ಗಿಟಾರಿನ ತಂತಿಗಳ ಕೆಳಗೆ ಇರುವ ಪಿಕಪ್ ಎಂದರೆ ಬೇರೇನಲ್ಲ, ಆರು ಅಯಸ್ಕಾಂತದ ಕಡ್ಡಿಗಳು, ಅವುಗಳ ಸುತ್ತ ಕೂದಲೆಳೆಗಿಂತ ತೆಳುವಾದ ತಾಮ್ರದ ತಂತಿಯ ಏಳೆಂಟು ಸಾವಿರ ಸುತ್ತು. ಉಕ್ಕಿನ ತಂತಿ ಅದುರಿದರೆ ಅಯಸ್ಕಾಂತದ ಕ್ಷೇತ್ರ ಅಲುಗುತ್ತದೆ, ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದೇ ಸುರುಳಿ ಗೋಡೆಯ ವೈರಿನಲ್ಲಿ ಸೆಕೆಂಡಿಗೆ 50 ಸಲ ಅದುರುವ ಕರೆಂಟನ್ನೂ ಹಿಡಿಯುತ್ತದೆ. ಟ್ಯೂಬ್‌ಲೈಟನ್ನೂ ಬಿಡುವುದಿಲ್ಲ. ಅಂದರೆ ಅವತ್ತು ನಾನು ಕೇಳಿಸಿಕೊಂಡಿದ್ದು ನಮ್ಮ ಬೀದಿಯ ಕರೆಂಟಿನ ಸದ್ದು. ಗೊತ್ತಾದ ಮೇಲೂ ಅದರ ಮೇಲಿನ ಆಸೆ ಕಡಿಮೆಯಾಗಲಿಲ್ಲ.

ಬೆಂಗಳೂರಿಗೆ ಬಂದೆ. ಓದು, ಕೆಲಸ, ಮದುವೆ. ಮೊದಲ ಸಂಬಳ ಬಂದಾಗ ಒಂದು ಅಗ್ಗದ ಎಲೆಕ್ಟ್ರಿಕ್ ಗಿಟಾರು ಕೊಂಡೆ. ಆಮೇಲೆ ಇನ್ನೊಂದು. ಎರಡರಲ್ಲೂ ಮೇಷ್ಟ್ರದ್ದನ್ನೇ ಹುಡುಕುತ್ತಿದ್ದೆ. ಅವರ ಗಿಟಾರು ಯಾವುದು ಎಂಬುದು ನಿಜವಾಗಿ ಗೊತ್ತಾಗಿದ್ದು ಇಂಟರ್ನೆಟ್ ಬಂದ ಮೇಲೆ. ಅದು ಫೆಂಡರ್ ಸ್ಟ್ರಾಟೊಕ್ಯಾಸ್ಟರ್. ಆದರೆ ಅಮೆರಿಕದ್ದಲ್ಲ, ಜಪಾನಿನದು.

ಈ ಗಿಟಾರನ್ನು 1954ರಲ್ಲಿ ಹೊರತಂದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದವನು. ಅವನಿಗೆ ಗಿಟಾರು ನುಡಿಸಲು ಬರುತ್ತಿರಲಿಲ್ಲ. ಕತ್ತು ಕೆಟ್ಟರೆ ನಾಲ್ಕು ಸ್ಕ್ರೂ ಬಿಚ್ಚಿ ಬೇರೆ ಕತ್ತು ಹಾಕಬಹುದು, ವೈರು ಹೋದರೆ ಮುಂದಿನ ಪ್ಲಾಸ್ಟಿಕ್ ತಟ್ಟೆ ಎತ್ತಿ ಬೆಸುಗೆ ಹಾಕಬಹುದು. ರಿಪೇರಿ ಮಾಡುವವನು ಮಾಡಿದ ವಾದ್ಯ ಅದು. 1965ರಲ್ಲಿ ಅವನು ಕಂಪನಿಯನ್ನು ಸಿಬಿಎಸ್‌ಗೆ 1 ಕೋಟಿ 30 ಲಕ್ಷ ಡಾಲರಿಗೆ ಮಾರಿದ. ಆಮೇಲೆ ಗುಣಮಟ್ಟ ಇಳಿಯಿತು ಎಂದು ನುಡಿಸುವವರು ಗೊಣಗತೊಡಗಿದರು. ಅಷ್ಟರಲ್ಲಿ ಜಪಾನಿನವರು ಹಳೆಯ ಫೆಂಡರುಗಳ ನಕಲನ್ನು ಅಸಲಿಗೆ ಸರಿಸಮನಾಗಿ ಮಾಡತೊಡಗಿದ್ದರು. ಕೊನೆಗೆ ಕಂಪನಿ ಅವರ ಜೊತೆಯೇ ಸೇರಿಕೊಂಡು 1982ರಲ್ಲಿ ಫೆಂಡರ್ ಜಪಾನ್ ಶುರು ಮಾಡಿತು. ಮತ್ಸುಮೊಟೊ ಊರಿನ ಫುಜಿಜೆನ್ ಕಾರ್ಖಾನೆಯಲ್ಲಿ ಮೊದಲ ಎರಡು ಮೂರು ವರ್ಷ ತಯಾರಾದವುಗಳ ಸಂಖ್ಯೆ 'ಜೆವಿ' ಅಕ್ಷರಗಳಿಂದ ಶುರುವಾಗುತ್ತದೆ. ಈಗ ಅವುಗಳನ್ನು ಹುಡುಕಿಕೊಂಡು ಹೋಗುವವರಿದ್ದಾರೆ. ನಾನು ನೋಡಿದ ಬೆಲೆಗಳು ಒಂದೂವರೆ, ಎರಡು ಲಕ್ಷದ ಆಸುಪಾಸು.

ಮೇಷ್ಟ್ರ ಗಿಟಾರಿನ ಹಿಂದೆ, ಕತ್ತು ಸೇರುವ ಕಡೆ, ಲೋಹದ ತಟ್ಟೆಯ ಮೇಲೆ ಆ ಎರಡು ಅಕ್ಷರ ಇದ್ದಿದ್ದು ನನಗೆ ನೆನಪಿತ್ತು. ಅದು ಅವರ ಇನಿಷಿಯಲ್ ಇರಬೇಕು ಅಂದುಕೊಂಡಿದ್ದೆ.

ಈ ನಡುವೆ ಊರಿನಲ್ಲಿ ಕಾಲ ಬದಲಾಗಿತ್ತು. ಮೊದಲು ಕೀಬೋರ್ಡ್ ಬಂತು, ತಬಲ, ಡ್ರಮ್ಸು, ಗಿಟಾರು ಎಲ್ಲ ಒಂದೇ ಹಲಗೆಯೊಳಗೆ ಸೇರಿತು. ಆಮೇಲೆ ಟ್ರ್ಯಾಕ್ ಬಂದು ಕೀಬೋರ್ಡಿನವನನ್ನೂ ಮನೆಗೆ ಕಳಿಸಿತು. ರೇಡಿಯೋ ರಿಪೇರಿಯೂ ನಿಂತಿತು. ಊರಿಗೆ ಹೋದಾಗ ಒಂದೆರಡು ಸಲ ಮೇಷ್ಟ್ರನ್ನು ನೋಡಿದೆ. "ನುಡಿಸ್ತೀರಾ ಮೇಷ್ಟ್ರೇ?" ಅಂದರೆ, "ಬೆರಳು ಮಡಚಲ್ಲ ಕಣೋ" ಅನ್ನುತ್ತಿದ್ದರು. ಆಮೇಲಾಮೇಲೆ ಹೋಗುವುದೇ ತಪ್ಪಿತು. ಅವರು ತೀರಿಕೊಂಡಿದ್ದು ನನಗೆ ತಿಳಿದಿದ್ದು ತಿಥಿಯಾಗಿ ಎರಡು ತಿಂಗಳಾದ ಮೇಲೆ, ಅವರ ಮಗ ಫೋನ್ ಮಾಡಿದಾಗ.

"ಅಣ್ಣ, ಅಪ್ಪಂದು ಗಿಟಾರ್ ಒಂದಿದೆ. ಹದಿನೈದು ಸಾವಿರಕ್ಕೆ ಇಲ್ಲೊಬ್ರು ಕೇಳ್ತಿದಾರೆ. ನಿಮ್ಗೆ ಅದ್ರ ಮೇಲೆ ಆಸೆ ಇತ್ತು ಅಂತ ಅಪ್ಪ ಹೇಳ್ತಿದ್ರು. ಬೇಕಾದ್ರೆ ಬನ್ನಿ."

ಮರುದಿನವೇ ರೈಲು ಹತ್ತಿದೆ. ತುಮಕೂರು, ಗುಬ್ಬಿ, ಅಮ್ಮಸಂದ್ರ, ಬಾಣಸಂದ್ರ. ಒಂದೊಂದು ನಿಲ್ದಾಣಕ್ಕೂ ನನ್ನೊಳಗೆ ಒಂದೊಂದು ವಾದ. ತಂತಿ ತುಕ್ಕು ಹಿಡಿದಿರಬಹುದು, ಕತ್ತು ಬಾಗಿರಬಹುದು, ರಿಪೇರಿಗೆ ಎಷ್ಟಾಗುತ್ತೋ. ಅದೂ ಅಲ್ಲದೆ ಬೆಲೆ ಹೇಳಿದ್ದು ಅವರೇ, ನಾನಲ್ಲ. ಜೇಬಿನಲ್ಲಿ ಇಪ್ಪತ್ತು ಸಾವಿರ ಇತ್ತು. ಹದಿನೈದು ಕೇಳಿದವರಿಗೆ ಇಪ್ಪತ್ತು ಕೊಡುತ್ತೇನೆ ಎಂದುಕೊಂಡಾಗ ನನ್ನ ಬಗ್ಗೆ ನನಗೇ ಗೌರವ ಹುಟ್ಟಿತು.

ಮೇಷ್ಟ್ರ ಹೆಂಡತಿ ಕಾಫಿ ಕೊಟ್ಟರು. "ಚೆನ್ನಾಗಿದೀಯೇನಪ್ಪ? ಮಕ್ಕಳೆಷ್ಟು?" ಎಂದರು. ಮಾತಿನ ನಡುವೆ ಆಸ್ಪತ್ರೆಯ ಖರ್ಚಿನ ಸುದ್ದಿ ಬಂತು, ಹೋಯಿತು. ಮಗ ಪೆಟ್ಟಿಗೆ ತಂದಿಟ್ಟ. ತೆಗೆದೆ. ಜೇನುತುಪ್ಪದ ಬಣ್ಣ ಹಾಗೇ ಇತ್ತು. ಮೇಷ್ಟ್ರ ಮೊಣಕೈ ಊರುತ್ತಿದ್ದ ಕಡೆ ಹೊಳಪು ಸವೆದಿತ್ತು. ಮೊದಲ ಐದು ಮನೆಗಳ ಫ್ರೆಟ್ಟುಗಳಲ್ಲಿ ಗುಳಿ ಬಿದ್ದಿತ್ತು. ಪ್ಲಾಸ್ಟಿಕ್ ತಟ್ಟೆಯ ಸ್ಕ್ರೂಗಳ ತಲೆಯ ಸೀಳಿನಲ್ಲಿ ಹಳೆಯ ಕುಂಕುಮ ಕಪ್ಪಗೆ ಕೂತಿತ್ತು. ಮಗುಚಿ ನೋಡಿದೆ. ಜೆವಿ.

ಇಪ್ಪತ್ತು ಸಾವಿರ ಎಣಿಸಿ ಕೊಟ್ಟೆ. "ಹದಿನೈದು ಸಾಕಿತ್ತಣ್ಣ" ಅಂದ ಅವನು. "ಇರಲಿ ಇಟ್ಕೋ" ಅಂದೆ. ಅಮ್ಮ ಪೆಟ್ಟಿಗೆಯ ಮೇಲೆ ಒಂದು ಹೂವಿಟ್ಟು ಕೊಟ್ಟರು.

ಮನೆಗೆ ಬಂದು ಆಂಪಿಗೆ ಸಿಕ್ಕಿಸಿದೆ. ಸದ್ದೇ ಇಲ್ಲ. ತಟ್ಟೆಯ ಸ್ಕ್ರೂ ಬಿಚ್ಚಿ ಎತ್ತಿದೆ. ಒಳಗೆ ಒಂದು ಕೆಪಾಸಿಟರು ಮೂಲದ್ದಲ್ಲ, ರೇಡಿಯೋದ್ದು. ಮೇಷ್ಟ್ರ ಬೆಸುಗೆ ನೋಡಿದರೆ ಗೊತ್ತಾಗುತ್ತದೆ, ಸಾಸಿವೆ ಕಾಳಿನಷ್ಟೇ, ಹೊಳೆಯುವ ಹಾಗೆ. ಜ್ಯಾಕಿನ ಹತ್ತಿರ ಒಂದೇ ಒಂದು ಬೆಸುಗೆ ಬಿಟ್ಟಿತ್ತು. ಅವರು ಹೇಳಿಕೊಟ್ಟ ಹಾಗೇ ಐರನ್ ಕಾಯಿಸಿ ಹಾಕಿದೆ. ಗುಂಯ್ ಎಂದಿತು. ತಂತಿಯ ಮೇಲೆ ಬೆರಳಿಟ್ಟೆ, ಕಡಿಮೆಯಾಯಿತು.

ಆ ರಾತ್ರಿ ಒಂದು ಗಂಟೆಯವರೆಗೂ ನುಡಿಸಿದೆ. ಹಳೆಯ ಸ್ಟ್ರಾಟೊಕ್ಯಾಸ್ಟರುಗಳ ಸ್ವಿಚ್ಚಿಗೆ ಮೂರೇ ನಿಲುಗಡೆ. ನುಡಿಸುವವರು ಅದನ್ನು ಎರಡರ ಮಧ್ಯೆ ಹುಷಾರಾಗಿ ನಿಲ್ಲಿಸಿ ಎರಡು ಪಿಕಪ್ ಸೇರಿದ ಟೊಳ್ಳು ದನಿಯೊಂದನ್ನು ಹುಡುಕಿಕೊಂಡರು. ಕಂಪನಿ ಐದು ನಿಲುಗಡೆಯ ಸ್ವಿಚ್ ಕೊಟ್ಟಿದ್ದು ಆಮೇಲೆ, 1977ರಲ್ಲಿ. ಹಳೆಯದರ ಮಾದರಿಯಲ್ಲೇ ಮಾಡಿದ ಇದರಲ್ಲೂ ಮೂರೇ. ಮೇಷ್ಟ್ರು ಕಿರುಬೆರಳಿನಿಂದ ಅದನ್ನು ಮಧ್ಯಕ್ಕೆ ತಂದು ನಿಲ್ಲಿಸುತ್ತಿದ್ದುದು ನೆನಪಾಯಿತು. ನನಗೂ ಒಂದು ಸಲ ನಿಂತಿತು. ಪೆಂಡಾಲಿನ ದನಿ ಬಂತು.

ಹೆಂಡತಿ ಬೆಳಗ್ಗೆ ಕೇಳಿದಳು, "ಎಷ್ಟು ಬಾಳುತ್ತೆ ಇದು?" ಹೇಳಿದೆ. "ಅವ್ರಿಗೆ ಗೊತ್ತಾ?" ನಾನು ರೈಲಿನಲ್ಲಿ ಮಾಡಿಕೊಂಡಿದ್ದ ವಾದಗಳನ್ನೆಲ್ಲ ಒಂದೊಂದಾಗಿ ಹೇಳಿದೆ. ಅವಳು ಪೂರ್ತಿ ಕೇಳಿ, "ಅಲ್ಲ ಕಣ್ರೀ, ನಾನ್ ಕೇಳಿದ್ದು ಅದಲ್ಲ" ಅಂದು ಒಳಗೆ ಹೋದಳು.

ಅವತ್ತೇ ಪೆಟ್ಟಿಗೆಯ ಒಳಗಿನ ಸಣ್ಣ ಖಾನೆ ಸ್ವಚ್ಛ ಮಾಡುವಾಗ ಒಂದು ಪಾಕೆಟ್ ಪುಸ್ತಕ ಸಿಕ್ಕಿತು. ಮೇಷ್ಟ್ರ ಅಕ್ಷರ. ತಂತಿಯ ಖರ್ಚು, ಬಸ್ ಚಾರ್ಜು, ಯಾವ ಊರಿನ ಕಾರ್ಯಕ್ರಮಕ್ಕೆ ಎಷ್ಟು ಬಂತು. ಮೊದಲ ಪುಟದಲ್ಲಿ 'ಹಡಗಿನವರಿಗೆ' ಎಂಬ ತಲೆಬರಹ, ಅದರ ಕೆಳಗೆ 1984ರಿಂದ ಹದಿನೆಂಟು ತಿಂಗಳು, ತಿಂಗಳಿಗೆ 300 ರೂಪಾಯಿ. ಆಗ ನಮ್ಮಪ್ಪನ ಸಂಬಳ 450. ಹದಿನೆಂಟನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದು 'ತೀರಿತು' ಎಂದು ಬರೆದಿದ್ದರು.

ಫೋನ್ ಮಾಡಲು ನನಗೆ ಮತ್ತೆ ಹನ್ನೊಂದು ದಿನ ಬೇಕಾಯಿತು. ಅದನ್ನು ಮುಚ್ಚಿಡಬಾರದು. ಆ ಹನ್ನೊಂದು ದಿನವೂ ನಾನು ಗಿಟಾರು ನುಡಿಸಿದೆ, ಖುಷಿಪಟ್ಟೆ. ಹನ್ನೆರಡನೆಯ ದಿನ ಅವನಿಗೆ ಹೇಳಿದೆ, ಇದರ ಬೆಲೆ ಇಷ್ಟು, ಇನ್ನೂ 1 ಲಕ್ಷ 20 ಸಾವಿರ ನಾನು ಕೊಡಬೇಕು, ಒಟ್ಟಿಗೆ ಆಗಲ್ಲ, ತಿಂಗಳಿಗೆ 20 ಸಾವಿರದಂತೆ ಆರು ಕಂತು. ಅಥವಾ ಗಿಟಾರು ವಾಪಸ್ ತಂದುಕೊಡುತ್ತೇನೆ, ಕೊಳ್ಳುವವರನ್ನು ನಾನೇ ಹುಡುಕಿಕೊಡುತ್ತೇನೆ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವತ್ತು ಬಂದಾಗ್ಲೇ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಸರಿ. ಕಂತಲ್ಲೇ ಕೊಡಿ ಸರ್" ಅಂದ.

ಅಲ್ಲಿಯವರೆಗೆ ಅವನು ನನ್ನನ್ನು ಅಣ್ಣ ಎನ್ನುತ್ತಿದ್ದ. ಅವತ್ತಿನಿಂದ ಸರ್. ಆರು ತಿಂಗಳು ಪ್ರತಿ ಐದನೇ ತಾರೀಕು ದುಡ್ಡು ಹಾಕಿದೆ, ಪ್ರತಿ ಸಲವೂ 'ಬಂತು ಸರ್' ಎಂದು ಮೆಸೇಜು ಬಂತು. ಲೆಕ್ಕವನ್ನು ಮೇಷ್ಟ್ರ ಪುಸ್ತಕದಲ್ಲೇ, ಕೊನೆಯ ಖಾಲಿ ಪುಟದಲ್ಲಿ ಬರೆದಿಟ್ಟಿದ್ದೇನೆ. ಆರನೆಯ ಸಾಲಿನ ಕೆಳಗೆ ಗೆರೆ ಎಳೆದಿಲ್ಲ.

ಸ್ಕ್ರೂಗಳ ತಲೆಯ ಕುಂಕುಮವನ್ನು ಒರೆಸಿಲ್ಲ. ಹೋದ ವರ್ಷದ ಆಯುಧಪೂಜೆಗೆ ಹೊಸದಾಗಿ ಇಟ್ಟು, ಫೋಟೋ ತೆಗೆದು ಅವನಿಗೆ ಕಳಿಸಿದೆ. ಉತ್ತರ ಬರಲಿಲ್ಲ. ಮೊನ್ನೆ ಇದ್ದಕ್ಕಿದ್ದಂತೆ ಫೋನ್ ಬಂತು. "ಸರ್, ನನ್ನ ಮಗಳು ಏಳನೇ ಕ್ಲಾಸು. ಗಿಟಾರ್ ಕಲೀಬೇಕು ಅಂತಿದಾಳೆ. ತಾತಂದು ಒಂದ್ಸಲ ನೋಡ್ಬೇಕಂತೆ. ಕರ್ಕೊಂಡ್ ಬರ್ಬೋದಾ?"

ಅವರಪ್ಪನ ಗಿಟಾರು ನೋಡಲು ಅವನು ನನ್ನ ಅಪ್ಪಣೆ ಕೇಳುತ್ತಿದ್ದ. "ಯಾವಾಗ ಬೇಕಾದ್ರೂ ಬಾ" ಅಂದೆ. ಬರುವ ಭಾನುವಾರ ಬರುತ್ತಾರೆ. ಹೊಸ ತಂತಿ ತಂದು ಹಾಕಿದ್ದೇನೆ. ಆ ಹುಡುಗಿಗೆ ಕೈ ತೊಳೆದುಕೊಂಡು ಬಾ ಎಂದು ನಾನು ಹೇಳುವುದಿಲ್ಲ.