ಅಡಿಕೆಗೆ ಅಂಟಿದ ನಟ್ಟು

'ನಟ್' ಎಂಬ ಪುಟ್ಟ ಇಂಗ್ಲಿಷ್ ನಾಮಪದಕ್ಕೆ ಶಾಲೆಯ ನಿಘಂಟುಗಳು 'ಕಾಯಿ', 'ಬೀಜ', 'ಗಟ್ಟಿ ಚಿಪ್ಪಿನ ಫಲ' ಎಂದು ಅರ್ಥ ಕೊಟ್ಟು ಕೈತೊಳೆದುಕೊಳ್ಳುತ್ತವೆ. ಕಾಸರಗೋಡಿನ ತೋಟದ ಮನೆಯ ಮಗುವಾದರೋ ಆ ಶಬ್ದವನ್ನು ಮೊದಲು ಕೇಳುವುದು ಪಂಪಿನ ಷೆಡ್ಡಿನಲ್ಲಿ, ಬೋಲ್ಟಿನ ಜೋಡಿಯಾಗಿ. ಎರಡನೆಯ ಸಲ ಕೇಳುವುದು ಯಾರದೋ ತಲೆಯ ನಟ್ಟು ಸಡಿಲವಾಗಿದೆ ಎಂಬ ದೊಡ್ಡವರ ಮಾತಿನಲ್ಲಿ. ಆದುದರಿಂದ ಪಾಠಪುಸ್ತಕದಲ್ಲಿ ನಟ್ಟು ಮರದಲ್ಲಿ ತೂಗುತ್ತಿರುವುದನ್ನು ಕಂಡ ಮಗು ಗಲಿಬಿಲಿಗೊಂಡರೆ ಅದನ್ನು ದಡ್ಡತನವೆನ್ನಲಾಗದು.

ಸಸ್ಯಶಾಸ್ತ್ರದ ಮೊರೆಹೊಕ್ಕರೆ ಗಲಿಬಿಲಿ ಇಮ್ಮಡಿಸುತ್ತದೆ. ಗಟ್ಟಿಯಾದ ಒಣ ಚಿಪ್ಪಿನೊಳಗೆ ಸಾಮಾನ್ಯವಾಗಿ ಒಂದೇ ಬೀಜವನ್ನಿರಿಸಿಕೊಂಡು, ಬಲಿತ ಮೇಲೂ ತಾನಾಗಿ ಬಿರಿಯದ ಫಲವನ್ನು ಮಾತ್ರ ಆ ಶಾಸ್ತ್ರ ನಟ್ ಎಂದು ಒಪ್ಪುತ್ತದೆ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಕಾಸರಗೋಡಿನಲ್ಲಿಯೇ ವಿಚಾರಿಸಿದರೂ ಕೊಕೊನಟ್ ನಟ್ ಅಲ್ಲ, ಮಾವಿನಂತೆ ಗೊರಟುಳ್ಳ ಹಣ್ಣು. ನೆಲಗಡಲೆ ಅವರೆಯ ದಾಯಾದಿ. ಗೇರಿನ ವಿಷಯವನ್ನು ಬೆಳೆಸಬೇಕಾಗಿಲ್ಲ; ಕರಾವಳಿಯ ಜನ ಅದನ್ನು ಮೊದಲಿನಿಂದಲೂ 'ಬೀಜ' ಎಂದೇ ಕರೆದು ಶಾಸ್ತ್ರಕ್ಕೆ ಸಮೀಪದಲ್ಲಿಯೇ ಇದ್ದಾರೆ.

ಇಷ್ಟನ್ನೂ ಸಹಿಸಿಕೊಳ್ಳಬಹುದು. ಬೆಳಗಿನ ಪತ್ರಿಕೆಯ ಧಾರಣೆಯ ಅಂಕಣದಲ್ಲಿ ಅಡಿಕೆಯನ್ನು 'ಅರೆಕಾನಟ್' ಎಂದು ಕನ್ನಡ ಲಿಪಿಯಲ್ಲಿಯೇ ಅಚ್ಚುಹಾಕಿದ್ದರೆ ಮಾತ್ರ, ಓದುಗನ ಕೈಯಲ್ಲಿರುವ ಕಾಫಿ ತುಸು ಕಹಿಯಾಗುವುದು ಸಹಜ. 'ಅರೆಕಾ' ಎಂಬುದು ಪೋರ್ಚುಗೀಸರು 16ನೆಯ ಶತಮಾನದಲ್ಲಿ ಈ ಪಡುಗಡಲ ದಂಡೆಯಿಂದ ಎತ್ತಿಕೊಂಡು ಹೋದ ಪದ. ಮಲಯಾಳದ 'ಅಡಕ್ಕ'ವೂ ಕನ್ನಡದ 'ಅಡಿಕೆ'ಯೂ ಒಂದೇ ಗೊನೆಯವು. ಒತ್ತಾಗಿರುವುದು ಎಂಬರ್ಥದ ಧಾತುವಿಗೆ 'ಕಾಯ್' ಸೇರಿ ಈ ಪದ ಆಯಿತೆಂದು ಭಾಷಾಶಾಸ್ತ್ರಜ್ಞರು ಬಿಡಿಸಿ ತೋರಿಸಿದ್ದಾರೆ. ಗೊನೆಯಲ್ಲಿ ಒಂದಕ್ಕೊಂದು ಒತ್ತಿಕೊಂಡಿರುವ ಅಡಿಕೆಯನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಕಾಗದು. ಹೀಗೆ ಕಾಯಿಯನ್ನು ಒಡಲಲ್ಲೇ ಹೊತ್ತ ಪದಕ್ಕೆ ಇಂಗ್ಲಿಷರು ಅರಿಯದೆ ಇನ್ನೊಂದು 'ನಟ್' ಅಂಟಿಸಿದ್ದರಿಂದ ಅದು 'ಅಡಿಕೆಕಾಯಿಕಾಯಿ' ಆಯಿತು, ಗೇಟುಬಾಗಿಲಿನಂತೆ. ಅವರೇ ಬಳಸುವ 'ಬೀಟಲ್ ನಟ್' ಎಂಬುದು ಇನ್ನೂ ವಿಚಿತ್ರ. 'ಬೀಟಲ್' ಬಂದದ್ದು 'ವೆಟ್ಟಿಲ'ದಿಂದ, ಎಂದರೆ ವೀಳ್ಯದೆಲೆಯಿಂದ, ಆದ್ದರಿಂದ ಅದು ಯಾವ ಬಳ್ಳಿಯಲ್ಲಿಯೂ ಬಿಡದ 'ಎಲೆಕಾಯಿ'. ಇವರಿಗಿಂತ ಸ್ವೀಡನ್ನಿನ ಲಿನೇಯಸ್ ಮೇಲು. 1753ರಲ್ಲಿ ಆತ ಈ ಮರಕ್ಕೆ 'ಅರೆಕಾ ಕ್ಯಾಟೆಚು' ಎಂದು ಹೆಸರಿಟ್ಟನು. 'ಕ್ಯಾಟೆಚು' ಎಂಬುದು ತಾಂಬೂಲಕ್ಕೆ ಹಾಕುವ ಕಾಚಿನ ನಂಟಿನ ಪದವಾದುದರಿಂದ, ಅಡಿಕೆ-ಕಾಚುಗಳೆರಡೂ ಲ್ಯಾಟಿನಿನ ಹರಿವಾಣದಲ್ಲಿ ಒಟ್ಟಿಗೆ ಕುಳಿತವು.

ಸಪ್ತಭಾಷೆಗಳ ಸಂಗಮವೆಂದು ಹೆಸರಾದ ಈ ಜಿಲ್ಲೆಯಲ್ಲಿ ಹವ್ಯಕರ 'ಅಡಕ್ಕೆ'ಯೂ ತುಳುವಿನ 'ಬಜ್ಜೈ'ಯೂ ಒಂದೇ ಅಂಗಳದಲ್ಲಿ ಒಣಗುತ್ತವೆ. ಸುಲಿದಾದ ಮೇಲೆ ಅದು ಚಾಲಿ, ಪಟೋರ, ಕೋಕ, ಉಳ್ಳಿಗಡ್ಡೆ, ಕರಿಗೋಟು ಎಂದು ದರ್ಜೆಗೊಂದು ಹೆಸರು ಪಡೆದು ಚೀಲ ಸೇರುತ್ತದೆ. ಇಂಗ್ಲಿಷ್ ಕಲಿಸುವವರ ಲೆಕ್ಕದಲ್ಲಿ ಇವೆಲ್ಲ ಒಂದೇ ನಟ್. ಪ್ರಯೋಗದಲ್ಲಿಯೂ ವ್ಯತ್ಯಾಸವಿದೆ: ಇಂಗ್ಲಿಷಿನ ನಟ್ ಒಂದಕ್ಕಿಂತ ಹೆಚ್ಚಾದೊಡನೆ ಬಹುವಚನದ ಬಾಲ ಬೇಡುತ್ತದೆ, ಅಡಿಕೆಯಾದರೋ ಒಂದು ಹೋಳಾಗಿದ್ದಾಗಲೂ ಹತ್ತು ಖಂಡಿಯಾದಾಗಲೂ ಅಡಿಕೆಯೇ, 'ಅಡಿಕೆಗಳು' ಎಂದು ತೋಟದವರಾರೂ ಅನ್ನುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ಎರಡು ಭಾಷೆಗಳೂ ಕೈಕುಲುಕುತ್ತವೆ. ಜುಜುಬಿ ಹಣವನ್ನು ಇಂಗ್ಲಿಷರು 'ಪೀನಟ್ಸ್' ಎಂದು ಹಗುರ ಮಾಡಿದರೆ, ಕನ್ನಡದ ಗಾದೆ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಎಚ್ಚರಿಸಿತು. ಈಗಿನ ಧಾರಣೆಯಲ್ಲಿ ಆ ಗಾದೆಯ ಅಡಿಕೆ ಎಷ್ಟು ಕ್ವಿಂಟಲಿನದು ಎಂಬುದನ್ನು ವ್ಯಾಖ್ಯಾನಕಾರರು ಸ್ಪಷ್ಟಪಡಿಸಬೇಕಾದೀತು.

ಪದದ ಬೆನ್ನು ಹತ್ತಿದವನಿಗೆ 'ನೀರಡಿಕೆ'ಯನ್ನು ದಾಟಿ ಹೋಗುವುದು ಕಷ್ಟ. ಧಾರವಾಡದ ಕಡೆಯವರಿಗೆ ಅದು ಬಾಯಾರಿಕೆ. ಕಾಸರಗೋಡಿನ ತೋಟದವರಿಗೆ ನೀರಿನಲ್ಲಿ ನೆನೆಹಾಕಿದ, ಮೂಗು ಮುಚ್ಚಿಕೊಂಡು ತೆಗೆದರೂ ಬಾಯಿಗೆ ಹಿತವಾದ ಅಡಿಕೆ. ಮಂಜೇಶ್ವರ ತಾಲೂಕಿನ ಬಾಯಾರು ಎಂಬ ಊರಿನಲ್ಲಿ ನಿಂತು ಉತ್ತರದ ಅತಿಥಿಯೊಬ್ಬನು ನೀರಡಿಕೆಯೆಂದರೆ, ಆತನಿಗೆ ಎಲೆ-ಸುಣ್ಣಗಳ ಜತೆಗೆ ಏನು ಬರಬಹುದೆಂಬುದನ್ನು ಊಹಿಸಬಹುದು. ನಿಜವಾದ ನೀರೇ ಬೇಕಾದರೆ ಆ ಸೀಮೆಯಲ್ಲಿ ಸುರಂಗಗಳಿವೆ: ಮುರಕಲ್ಲಿನ ಗುಡ್ಡಕ್ಕೆ ಆಳೆತ್ತರದಲ್ಲಿ ಅಡ್ಡವಾಗಿ ಕೊರೆದ ಇವುಗಳಲ್ಲಿ ಜಿನುಗುವ ನೀರು ಪಂಪಿನ ಹಂಗಿಲ್ಲದೆ, ಆದ್ದರಿಂದ ನಟ್ಟು-ಬೋಲ್ಟುಗಳ ಹಂಗೂ ಇಲ್ಲದೆ, ತಾನಾಗಿ ಹರಿದು ಬರುತ್ತದೆ. ಆದರೆ ಅಪ್ಪಟ ನೆಲದ ಮಾತೆಂದು ಕಾಣುವ ಈ 'ಸುರಂಗ'ವನ್ನು ಬಗೆದರೆ ಸಂಸ್ಕೃತದ 'ಸುರುಂಗಾ' ಸಿಗುತ್ತದೆ. ಅದನ್ನೂ ಬಗೆದ ವಿದ್ವಾಂಸರು ಕೊಳವೆ ಎಂಬರ್ಥದ ಗ್ರೀಕ್ 'ಸಿರಿಂಕ್ಸ್' ವರೆಗೆ ಹೋಗಿದ್ದಾರೆ. ಅರೆಕಾನಟ್ಟಿನ ಬಾಲ ಕತ್ತರಿಸಲು ಹೊರಟವನು ಇನ್ನು ಈ ಗ್ರೀಕ್ ಕೊಳವೆಯ ನೀರು ಕುಡಿಯುವುದೋ ಬೇಡವೋ ಎಂದು ಯೋಚಿಸುತ್ತಿರುವಾಗ, ಒಳಗು ತೆಗೆದ ಅಡಿಕೆ ಮರದ ದಂಬೆಯ ಮೇಲಿಂದ ಆ ನೀರು ತಣ್ಣಗೆ ಕೆರೆಗೆ ಬೀಳುತ್ತಲೇ ಇರುತ್ತದೆ.