ಅಪ್ಪನ ಗೋರಿಯ ಚೀಟಿ



ನಮ್ಮ ಹೊನ್ನಾವರದ ಕಡೆಗೆ ಬಂದವರು ಇಡಗುಂಜಿ ಗಣಪತಿಗೆ ಕೈ ಮುಗಿಯುತ್ತಾರೆ, ಮುರ್ಡೇಶ್ವರ ನೋಡುತ್ತಾರೆ, ಶರಾವತಿಯಲ್ಲಿ ದೋಣಿ ಹತ್ತುತ್ತಾರೆ. ನಾನು ಈ ಸಲ ನಿಮ್ಮನ್ನು ಕರೆದುಕೊಂಡು ಹೋಗುವುದು ಗೋರಿಗಳ ಹತ್ತಿರ. ಹೆದರಬೇಡಿ, ಹಗಲು ಹೊತ್ತಿನಲ್ಲೇ ಹೋಗಿ ಬರೋಣ.

ನವೆಂಬರ್ 2 ನಮ್ಮಲ್ಲಿ, ಅಂದರೆ ಕ್ರೈಸ್ತರಲ್ಲಿ, ಸತ್ತವರನ್ನು ನೆನೆಯುವ ದಿನ. ಮದುವೆಯಾಗಿ ಹೊನ್ನಾವರಕ್ಕೆ ಬಂದು 22 ವರ್ಷವಾದರೂ ಆ ದಿನ ತವರಿಗೆ ಹೋಗುವುದನ್ನು ನಾನು ತಪ್ಪಿಸಿದವಳಲ್ಲ. ಚೀಲದಲ್ಲಿ ಗೊಂಡೆ ಹೂ, ಮೇಣದ ಬತ್ತಿ, ಹುಲ್ಲು ಸವರಲಿಕ್ಕೆ ಒಂದು ಕತ್ತಿ ಹಾಕಿಕೊಂಡು ಕುಮಟಾ ಬಸ್ಸು ಹತ್ತಿದರೆ ಕರ್ಕಿ, ಹಳದೀಪುರ, ಧಾರೇಶ್ವರ ದಾಟಿ ಮುಕ್ಕಾಲು ಗಂಟೆಯ ದಾರಿ. ಅಮ್ಮ ಬಾಗಿಲಲ್ಲೇ ಕಾದಿರುತ್ತಾಳೆ.

ಕಳೆದ ವರ್ಷ ಅಮ್ಮ ಗೋರಿಯ ಚಿರೆಕಲ್ಲಿನ ಕಟ್ಟೆಯ ಮೇಲೆ ಕುಳಿತು, "ನನ್ನನ್ನೂ ಇಲ್ಲೇ ಇಡಿ ಮಗಾ, ಬೇರೆ ಕಡೆ ಬೇಡ" ಅಂದಳು. ಅದರೊಳಗೆ ಅಜ್ಜ ಇದ್ದಾರೆ, ಅಜ್ಜಿ ಇದ್ದಾಳೆ, 2001ರಲ್ಲಿ ಹೋದ ಅಪ್ಪ ಇದ್ದಾರೆ. ಒಂದೇ ಗುಂಡಿಯಲ್ಲಿ ಮೂವರು ಹೇಗೆ ಎಂದು ಕೆಲವರಿಗೆ ಆಶ್ಚರ್ಯವಾದೀತು. ನಮ್ಮ ಕರಾವಳಿಯ ಮಳೆಗೆ ಮರದ ಪೆಟ್ಟಿಗೆ ಬಹಳ ಕಾಲ ಬಾಳುವುದಿಲ್ಲ. ವರ್ಷಗಳು ಕಳೆದ ಮೇಲೆ ಗೋರಿ ತೆರೆದು, ಉಳಿದ ಎಲುಬುಗಳನ್ನು ಒಟ್ಟು ಮಾಡಿ ಮರ್ಯಾದೆಯಿಂದ ಒಂದು ಮೂಲೆಯಲ್ಲಿಟ್ಟು, ಹೊಸ ಪೆಟ್ಟಿಗೆ ಇಳಿಸುತ್ತಾರೆ. ಹೆಚ್ಚಿನವರಿಗೆ ಸಿಗುವುದು ಸಾದಾ ಸಾಲಿನ ಜಾಗ. ಕೆಲವು ವರ್ಷ ಕಳೆದರೆ ಅದು ಮತ್ತೊಬ್ಬರ ಪಾಲು. ಒಮ್ಮೆ ಹಣ ಕಟ್ಟಿ 'ಕಾಯಂ ಗೋರಿ' ಮಾಡಿಸಿಕೊಂಡವರದು ಮಾತ್ರ ಮನೆತನಕ್ಕೆ ಉಳಿಯುತ್ತದೆ. ನಮ್ಮದು ಕಾಯಂ. ಕಾಯಂ ಅಂದರೆ ಕಾಯಂ ಅಂತಲೇ ನಾನು ತಿಳಿದಿದ್ದೆ.

ಅಮ್ಮನ ಮಾತು ಕೇಳಿ ಇಗರ್ಜಿಯ ಆಫೀಸಿಗೆ ಹೋದೆ. ಫಾದರ್ ಕೇಳಿದ ಮೊದಲ ಮಾತೇ "ಚೀಟಿ ಇದ್ಯಾ ಬಾಯಿ?" ಚೀಟಿ ಅಪ್ಪನ ಟ್ರಂಕಿನಲ್ಲಿತ್ತು. ಟ್ರಂಕಿನ ಒಳಗೆ ಗೆದ್ದಲು ಇತ್ತು! ಹೇಳಲಿಕ್ಕೇ ನಾಚಿಕೆ.

ಒಳ್ಳೆಯ ಮನುಷ್ಯ, ಅವರೇ ಮರಣದ ರಿಜಿಸ್ಟರು ತೆಗೆದು ಹುಡುಕಿದರು. ಅಪ್ಪನ ಹೆಸರು ಸಿಕ್ಕಿತು, ಅಜ್ಜಿಯದೂ ಸಿಕ್ಕಿತು. ಗೋರಿ ಮಾತ್ರ ಇನ್ನೂ ಅಜ್ಜನ ಹೆಸರಲ್ಲೇ ಇದೆ. 1976ರಲ್ಲಿ ಕಾರವಾರ ಧರ್ಮಪ್ರಾಂತ ಆಗುವ ಮೊದಲು, ನಾವೆಲ್ಲ ಬೆಳಗಾವಿಗೆ ಸೇರಿದ್ದಾಗಿನ ಕಾಲದ್ದು. "ಜಾಗ ಇಗರ್ಜಿಯದು. ನಿಮ್ಮವರು ಹಣ ಕೊಟ್ಟದ್ದು ಹೂಳುವ ಹಕ್ಕಿಗೆ. ಹಕ್ಕುದಾರರು ಯಾರು ಅಂತ ಬರೆಸದೇ ಹೋದರೆ ನಾಳೆ ಬರುವ ಫಾದರಿಗೆ ಹೇಗೆ ಗೊತ್ತಾಗಬೇಕು?" ಅಂದರು. ಮಾತು ನ್ಯಾಯವೇ.

ಹಕ್ಕುದಾರ ಯಾರು? ಅಣ್ಣ. ಅವನು ಕುವೈತಿಗೆ ಹೋಗಿ 20 ವರ್ಷವಾಯಿತು. ಪ್ರತಿ ವರ್ಷ ಹುಲ್ಲು ಸವರಿದವಳು ನಾನು, ಎರಡು ಸಲ ಸುಣ್ಣ ಹೊಡೆಸಿದವಳೂ ನಾನು. "ನನ್ನ ಹೆಸರು ಬರೆಯಬಹುದಾ ಫಾದರ್?" ಎಂದು ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. ಮದುವೆಯಾದ ಹೆಣ್ಣು ಗಂಡನ ಕಡೆಗೆ ಅನ್ನುವುದು ರೂಢಿ. ತನ್ನನ್ನು ಯಾವ ಸಿಮೆಟ್ರಿಯಲ್ಲಿ ಹೂಳಬೇಕೆಂದು ಆರಿಸುವ ಸ್ವಾತಂತ್ರ್ಯವನ್ನು 1983ರ ನಮ್ಮ ಧರ್ಮಸಭೆಯ ಕಾನೂನು ಸಾಮಾನ್ಯವಾಗಿ ಎಲ್ಲರಿಗೂ ಕೊಟ್ಟಿದೆ ಎಂದು ಅವರೇ ಹೇಳಿದರು. ಆದರೆ ಮನೆತನದ ಗೋರಿಯ ಮಾತು ಬಂದಾಗ ಮನೆಯವರ ಒಪ್ಪಿಗೆ ಬೇಕು. "ನಿಮ್ಮ ಅಣ್ಣನಿಂದ ಒಂದು ಕಾಗದ ತರಿಸಿ."

ಆ ಕಾಗದದ ಚಿಂತೆಯಲ್ಲೇ ಭಟ್ಕಳಕ್ಕೆ ಹೊರಟೆ. ಶಾಲೆಯ ಗೆಳತಿಯೊಬ್ಬಳ ತಾಯಿ ತೀರಿಕೊಂಡಿದ್ದರು, ಮಾತಾಡಿಸಿ ಬರಬೇಕಿತ್ತು. ಮತ್ತೆ ಹೊನ್ನಾವರ, ಶರಾವತಿ ಸೇತುವೆ, ಕಾಸರಕೋಡು, ಮಂಕಿ. ಗೆಳತಿ ನವಾಯತರವಳು. ನನ್ನ ಕತೆ ಕೇಳಿ, "ನಮ್ಮಲ್ಲಿ ಗೋರಿಗೆ ಚೀಟಿ ಗೀಟಿ ಇಲ್ಲ ಮಾರಾಯ್ತಿ" ಅಂದಳು. ಖಬರಸ್ತಾನ ವಕ್ಫ್ ಜಾಗ. ದೇವರ ಹೆಸರಿಗೆ ಬಿಟ್ಟದ್ದು, ಮಾರುವಂತಿಲ್ಲ. ದೇಹ ಪೂರ್ತಿ ಮಣ್ಣಾದ ಮೇಲೆ ಅದೇ ಜಾಗದಲ್ಲಿ ಇನ್ನೊಬ್ಬರನ್ನು ಮಲಗಿಸಬಹುದು. ಅವಳ ಮನೆಯ ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲವಂತೆ. ಗೋಡೆಯ ಆಚೆ ನಿಂತು ದುವಾ ಮಾಡಿದಳು. ನಾನೂ ಪಕ್ಕದಲ್ಲಿ ನಿಂತೆ. ತಾಯಿ ಯಾವ ಸಾಲಿನಲ್ಲಿದ್ದಾಳೆಂದು ಅವಳಿಗೆ ಗೊತ್ತಿಲ್ಲ. ಅವಳ ಮುಖದಲ್ಲಿ ನನ್ನಷ್ಟು ಗಾಬರಿಯೂ ಇರಲಿಲ್ಲ.

ಭಟ್ಕಳದಲ್ಲಿ ಇಂಗ್ಲಿಷರ ಗೋರಿಗಳೂ ಇದ್ದುದನ್ನು 1883ರ ಮುಂಬಯಿ ಗೆಜೆಟಿಯರ್ ಬರೆದಿಟ್ಟಿದೆ. ಮೆಣಸಿನ ವ್ಯಾಪಾರದ ಕಾಲದವರು. ಕಲ್ಲಿನ ಮೇಲೆ 1637, 1638ರ ಇಸವಿಗಳು. ಜಾರ್ಜ್ ವೈ ಎಂಬ ವರ್ತಕ, ವಿಲಿಯಂ ಬಾರ್ಟನ್ ಎಂಬ ವೈದ್ಯ. ಕಲ್ಲಿನಲ್ಲಿ ಹೆಸರು ಕೆತ್ತಿದ್ದರೂ ಬತ್ತಿ ಹಚ್ಚಲಿಕ್ಕೆ ಯಾವ ತಂಗಿ ಸಮುದ್ರ ದಾಟಿ ಬಂದಾಳು?

ರಾತ್ರಿ ಗ್ಲಾಸ್ಗೋದಲ್ಲಿ ನರ್ಸ್ ಆಗಿರುವ ನಾದಿನಿಯ ಮಗಳು ಫೋನ್ ಮಾಡಿದಾಗ ಇದೇ ಮಾತು ಬಂತು. ಸ್ಕಾಟ್ಲೆಂಡಿನಲ್ಲಿ ಮನೆತನದ ಗೋರಿಗೆ 'ಲೇರ್' ಅನ್ನುತ್ತಾರಂತೆ. ಅಲ್ಲೂ ಕಾಗದ ಸಿಗುವುದು ಹೂಳುವ ಹಕ್ಕಿಗೆ, ನೆಲಕ್ಕಲ್ಲ. 2016ರ ಕಾಯ್ದೆಯಲ್ಲಿ ಹೊಸ ಹಕ್ಕಿಗೆ 25 ವರ್ಷದ ಗಡುವು ಹಾಕಿದ್ದಾರೆ. ಆಮೇಲೆ 10 ವರ್ಷಗಳಂತೆ ಮುಂದುವರಿಸಿಕೊಳ್ಳಬೇಕು. "ಅಜ್ಜನ ಕಾಗದ ಕಳೆದುಹೋಯ್ತು ಅಂತ ಇಲ್ಲೂ ಜನ ಓಡಾಡ್ತಾರೆ ಅತ್ತೆ" ಅಂದಳು. ಅವರ ಮನೆಯಲ್ಲೂ ಗೆದ್ದಲು ಇದೆಯೋ ಏನೋ!

ಅಣ್ಣ ಎರಡು ತಿಂಗಳು ಸುಮ್ಮನಿದ್ದ. ನಾನು ಜಗಳವಾಡಿದೆ, ಸುಳ್ಳು ಹೇಳುವುದಿಲ್ಲ. ಅತ್ತಿಗೆಯೇ ಕೂತು ಅವನಿಂದ ಕಾಗದ ಬರೆಸಿದಳು. ಅವಳೂ ತವರಿನ ಗೋರಿ ಬಿಟ್ಟು ಬಂದ ಹೆಣ್ಣಲ್ಲವೇ? ಈಗ ಇಗರ್ಜಿಯ ಪುಸ್ತಕದಲ್ಲಿ ಅಣ್ಣನ ಹೆಸರಿನ ಕೆಳಗೆ, ನೋಡಿಕೊಳ್ಳುವವರು ಎಂದು ನನ್ನ ಹೆಸರಿದೆ. ನನಗೆ ಅಲ್ಲಿ ಜಾಗ ಉಂಟೋ ಇಲ್ಲವೋ ಬರೆದಿಲ್ಲ, ನಾನೂ ಕೇಳಲಿಲ್ಲ.

ನಿಮ್ಮ ಮನೆಯಲ್ಲೂ ಇಂಥ ಚೀಟಿ ಇದ್ದರೆ ಇವತ್ತೇ ಹುಡುಕಿ. ಸಾಲು, ನಂಬರು ಬರೆದಿಟ್ಟುಕೊಳ್ಳಿ. ಯಾರ ಹೆಸರಿನಲ್ಲಿದೆ ಎಂದು ಹಿರಿಯರು ಬದುಕಿರುವಾಗಲೇ ಕೇಳಿ.

ಹೊಸ ಚೀಟಿಗೆ ಪ್ಲಾಸ್ಟಿಕ್ ಹಾಕಿಸಿ ಅಮ್ಮನ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ರೇಷನ್ ಕಾರ್ಡಿನ ಜೊತೆ ಸ್ಟೀಲ್ ಡಬ್ಬಿಯಲ್ಲಿಟ್ಟು, ಮುಚ್ಚಳ ಗಟ್ಟಿ ಮಾಡಿದಳು.